ಸ್ಪ್ಯಾನಿಷ್ ಪದ ಎಲ್ಲಿ ಒಡೀಬೇಕು, ಎಲ್ಲಿ ಒತ್ತಬೇಕು

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ ಹೊಸದ್ರಲ್ಲಿ ನಾನು ಪ್ರತಿ ಪದದ ಪಕ್ಕದಲ್ಲೂ ಕನ್ನಡದಲ್ಲಿ ಉಚ್ಚಾರ ಬರ್ಕೋತಿದ್ದೆ, ಹೊಸ ಭಾಷೆ ಕಲಿಯೋವಾಗ ನಮ್ಮಲ್ಲಿ ಬಹಳ ಜನ ಮಾಡೋದೇ ಅದು. ಒಂದಿನ ನೋಟ್‌ಬುಕ್ ತಿರುವಿ ಹಾಕ್ತಾ ಇದ್ದಾಗ ಕಣ್ಣಿಗೆ ಬಿತ್ತು, ಒಂದೇ ಪುಟದಲ್ಲಿ ಎರಡು ಬೇರೆ ಬೇರೆ ಪದದ ಪಕ್ಕ 'ಸಬಿಯಾ' ಅಂತಾನೇ ಬರ್ದಿದೀನಿ. ಒಂದರ ಅರ್ಥ 'ತಿಳಿದವಳು, ವಿವೇಕಿ', ಇನ್ನೊಂದರ ಅರ್ಥ 'ಗೊತ್ತಿತ್ತು'. ಸ್ಪ್ಯಾನಿಷ್ ಸ್ಪೆಲಿಂಗಲ್ಲಿ ಇವೆರಡಕ್ಕೂ ಇರೋ ವ್ಯತ್ಯಾಸ ಒಂದೇ ಒಂದು, ಎರಡನೇ ಪದದಲ್ಲಿ ಐ ಅಕ್ಷರದ ಚುಕ್ಕೆ ಜಾಗದಲ್ಲಿ ಒಂದು ಸಣ್ಣ ಓರೆ ಗೆರೆ. ಆ ಗೆರೆ ಏನು ಮಾಡುತ್ತೆ ಅಂದ್ರೆ ಪದದಲ್ಲಿ ಎಷ್ಟು ತುಂಡು ಇದೆ ಅನ್ನೋದನ್ನೇ ಬದಲಾಯಿಸಿಬಿಡುತ್ತೆ. ಮೊದಲನೇದು ಎರಡೇ ತುಂಡು, [ಸ]-ಬ್ಯ. ಎರಡನೇದು ಮೂರು ತುಂಡು, ಸ-[ಬಿ]-ಅ.

ಇಲ್ಲಿಂದ ಮುಂದೆ ಎಲ್ಲಾ ಕಡೆ ಹೀಗೇ ಬರೀತೀನಿ, ತುಂಡಿಗೊಂದು ಅಡ್ಡಗೆರೆ, ಒತ್ತು ಬೀಳೋ ತುಂಡಿಗೆ ಚೌಕ ಕಂಸ. ತುಂಡು ಅಂದ್ರೆ ಸಿಲಬಲ್, ಒಂದು ಉಸಿರಿನ ಏಟಿಗೆ ಬಾಯಿಂದ ಹೊರಡೋವಷ್ಟು. ಇನ್ನೊಂದು ಮಾತು, ಸ್ವರಗಳನ್ನೆಲ್ಲ ಬೇಕಂತಲೇ ಹ್ರಸ್ವದಲ್ಲೇ ಬರೀತಾ ಇದೀನಿ, ಯಾಕೆ ಅಂತ ಈಗಲೇ ಹೇಳ್ತೀನಿ.

ಕನ್ನಡದಲ್ಲಿ ಅರ್ಥ ಬದಲಾಯಿಸೋದು ಉದ್ದ. ಬಿಡು ಬೇರೆ ಬೀಡು ಬೇರೆ, ಮರ ಬೇರೆ ಮಾರ ಬೇರೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘ ಅನ್ನೋ ಭೇದನೇ ಇಲ್ಲ, ಐದೇ ಸ್ವರ, ಅ ಎ ಇ ಒ ಉ. ಅಲ್ಲಿ ಆ ಕೆಲಸ ಮಾಡೋದು ಒತ್ತು. [ಅ]-ಬ್ಲೊ ಅಂದ್ರೆ 'ನಾನು ಮಾತಾಡ್ತೀನಿ', ಅದೇ ಅಕ್ಷರಗಳನ್ನ ಅ-[ಬ್ಲೊ] ಅಂದ್ರೆ 'ಅವನು ಮಾತಾಡಿದ'. ಇನ್ನೂ ಚೆನ್ನಾಗಿರೋ ಉದಾಹರಣೆ ಬೇಕಂದ್ರೆ [ತೆರ್]-ಮಿ-ನೊ, ತೆರ್-[ಮಿ]-ನೊ, ತೆರ್-ಮಿ-[ನೊ] ನೋಡಿ. ಮೊದಲನೇದು 'ಗಡುವು' ಅಥವಾ 'ಪಾರಿಭಾಷಿಕ ಪದ', ಎರಡನೇದು 'ಮುಗಿಸ್ತೀನಿ', ಮೂರನೇದು 'ಮುಗಿಸಿದ'. ಒಂದೇ ಅಕ್ಷರಗಳು, ಒಂದೇ ಕ್ರಮ, ಒತ್ತು ಒಂದೊಂದು ಮನೆ ಮುಂದೆ ಹೋದ ಹಾಗೆ ಅರ್ಥ ಬೇರೆ. ನಮ್ಮ ಕಿವಿಗೆ ಈ ಒತ್ತು ದೀರ್ಘದ ಥರ ಕೇಳಿಸುತ್ತೆ, ಹಾಗಾಗಿ ನಾವು 'ತೆರ್ಮಿನೋ' ಅಂತ ಎಳೀತೀವಿ. ಒತ್ತು ಬಿದ್ದ ಸ್ವರ ಸ್ವಲ್ಪ ಉದ್ದ ಆಗೋದು ನಿಜ, ಆದ್ರೆ ಅದು ಮುಖ್ಯ ಅಲ್ಲ, ದನಿ ಸ್ವಲ್ಪ ಏರಬೇಕು, ಸ್ವಲ್ಪ ಜೋರಾಗಬೇಕು, ಅಷ್ಟೇ. ನಮ್ಮ ಟೀಚರ್ ಮೇಜಿನ ಮೇಲೆ ಬೆರಳ ಗೆಣ್ಣಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ತಟ್ಟಿ, ಒತ್ತು ಇರೋ ಕಡೆ ಮಾತ್ರ ಜೋರಾಗಿ ತಟ್ಟೋರು, ಏಟಿನ ಮಧ್ಯದ ಅಂತರ ಮಾತ್ರ ಬದಲಾಗ್ತಿರಲಿಲ್ಲ. ನಂಗೆ ಆವತ್ತು ಅರ್ಥ ಆಗಿದ್ದು ಬೇರೆ ಯಾವ ವಿವರಣೆಯಿಂದಲೂ ಆಗಿರಲಿಲ್ಲ.

ಈಗ ಒಡೆಯೋ ವಿಷ್ಯಕ್ಕೆ ಬರೋಣ, ಒತ್ತು ಎಲ್ಲಿ ಅಂತ ಕೊನೆಯಿಂದ ಎಣಿಸಬೇಕಾಗಿರೋದ್ರಿಂದ ಒಡೆಯೋದು ತಪ್ಪಿದ್ರೆ ಒತ್ತೂ ತಪ್ಪುತ್ತೆ.

ವ್ಯಂಜನದ ಲೆಕ್ಕ ನಮಗೆ ಹೊಸದಲ್ಲ. ಪುಸ್ತಕ ಅನ್ನೋ ಪದ ತಗೊಳ್ಳಿ. ಬರೆಯೋದು ಪು-ಸ್ತ-ಕ, ಆದ್ರೆ ಬಾಯಲ್ಲಿ ಹೇಳೋದು ಪುಸ್-ತ-ಕ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕೋವಾಗ 'ಒತ್ತಕ್ಷರದ ಹಿಂದಿನ ಅಕ್ಷರ ಗುರು' ಅಂತ ಹೇಳ್ಕೊಡ್ತಾರಲ್ಲ, ಅದರ ಒಳಗುಟ್ಟೇ ಇದು, ಆ ಸ್ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ಅದನ್ನ ಭಾರ ಮಾಡುತ್ತೆ. ಸ್ಪ್ಯಾನಿಷ್ ಪದ ಒಡೆಯೋದು ಹೀಗೇನೇ, ನಮ್ಮ ಲಿಪಿ ಒಡೆಯೋ ಥರ ಅಲ್ಲ, ನಮ್ಮ ಛಂದಸ್ಸು ಒಡೆಯೋ ಥರ. ಎರಡು ಸ್ವರದ ಮಧ್ಯೆ ಒಂದೇ ವ್ಯಂಜನ ಇದ್ರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತೆ, [ಕ]-ಸ ಅಂದ್ರೆ ಮನೆ. ಎರಡು ಇದ್ರೆ ಒಂದು ಹಿಂದಕ್ಕೆ ಒಂದು ಮುಂದಕ್ಕೆ, [ಪಸ್]-ತ, [ಕಮ್]-ಪೊ, [ಅಲ್]-ತೊ.

ಆದ್ರೆ ಹನ್ನೆರಡು ಜೋಡಿ ಮಾತ್ರ ಒಡೆಯಲ್ಲ. ಪ್ರ ಬ್ರ ತ್ರ ದ್ರ ಕ್ರ ಗ್ರ ಫ್ರ, ಪ್ಲ ಬ್ಲ ಕ್ಲ ಗ್ಲ ಫ್ಲ. ರ ಅಥವಾ ಲ ಎರಡನೇದಾಗಿ ಬಂದಾಗ ಜೋಡಿ ಇಡಿಯಾಗಿ ಮುಂದಕ್ಕೆ ಹೋಗುತ್ತೆ. [ಲಿ]-ಬ್ರೊ ಅಂದ್ರೆ ಪುಸ್ತಕ, 'ಲಿಬ್-ರೊ' ಅಲ್ಲ. [ಪ]-ದ್ರೆ ಅಂದ್ರೆ ಅಪ್ಪ. ಇಲ್ಲಿ ನಮ್ಮ ಅಭ್ಯಾಸ ಅಡ್ಡ ಬರುತ್ತೆ, ಯಾಕಂದ್ರೆ ನಾವು 'ಪುತ್ರ' ಅನ್ನೋವಾಗ ಪುತ್-ರ ಅಂತ ಪು ಗುರು ಮಾಡ್ತೀವಿ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಒಂದಿತ್ತು, ಒತ್ತಕ್ಷರ ಇದ್ರೂ ಸಡಿಲವಾಗಿ ಹೇಳಿ ಹಿಂದಿನ ಅಕ್ಷರನ ಲಘುವಾಗೇ ಇಟ್ಕೊಳ್ಳೋದು. ಅದು ಬೇರೆ ಅಕ್ಷರಗಳ ವಿಷ್ಯ, ಆದ್ರೆ 'ಒತ್ತಕ್ಷರ ಇದ್ರೂ ಹಿಂದಿನದು ಹಗುರ' ಅನ್ನೋ ಆ ಭಾವ ಮನಸಲ್ಲಿ ಇಟ್ಕೊಂಡು ಲಿ-ಬ್ರೊ ಹೇಳಿ ನೋಡಿ, ಸರಿಯಾಗಿ ಬರುತ್ತೆ. ತ್ಲ ಒಂದು ಮಾತ್ರ ಊರಿಗೊಂದು ಥರ, ಸ್ಪೇನಿನ ಬಹುಪಾಲು ಕಡೆ ಅತ್-[ಲೆ]-ತ ಅಂತ ಒಡೀತಾರೆ, ಮೆಕ್ಸಿಕೊದಲ್ಲಿ ಅ-[ತ್ಲೆ]-ತ. ಮೆಕ್ಸಿಕೊದ ನಹುವಾತ್ಲ್ ಭಾಷೆಯಿಂದ ಬಂದ ಪದಗಳಲ್ಲಿ ತ್ಲ ಎಲ್ಲೆಲ್ಲೂ ಇದೆ, ಅಲ್ಲಿನೋರ ಬಾಯಿಗೆ ಅದು ಒಂದೇ ಸದ್ದು. ಎರಡೂ ಸರಿ ಅಂತಾನೇ ಒಪ್ಕೊಂಡಿದಾರೆ.

ಸ್ ಕಥೆ ನಂಗೆ ತುಂಬಾ ಇಷ್ಟ. ಸ್ಪ್ಯಾನಿಷ್‌ನಲ್ಲಿ ಸ್ ಮತ್ತು ಇನ್ನೊಂದು ವ್ಯಂಜನ ಸೇರಿ ಒಂದು ಸಿಲಬಲ್ ಶುರು ಆಗೋಕೇ ಆಗಲ್ಲ. ಅದಕ್ಕೇ ಲ್ಯಾಟಿನ್‌ನ 'ಸ್ಕೊಲ' ಅವರ ಬಾಯಲ್ಲಿ ಎಸ್-[ಕ್ವೆ]-ಲ ಆಯ್ತು, ಮುಂದೆ ಒಂದು ಎ ಬಂತು, ಸ್ ಅದಕ್ಕೆ ಒರಗಿಕೊಳ್ತು. ನಮ್ಮ ಹಳ್ಳಿ ಕಡೆ ಸ್ಕೂಲಿಗೆ 'ಇಸ್ಕೂಲು' ಅಂತಾರಲ್ಲ, ಸೇಮ್ ಟು ಸೇಮ್ ಅದೇ ಕೆಲಸ. ಇಸ್ಕೂಲು ಅನ್ನೋ ಅಜ್ಜಿ ಉಚ್ಚಾರ ತಪ್ಪು ಅಂತ ತಿದ್ದೋರು ಸ್ಪೇನಿಗೆ ಹೋದ್ರೆ ಇಡೀ ದೇಶ ಹಾಗೇ ಮಾತಾಡೋದನ್ನ ಕೇಳ್ತಾರೆ.

ಇನ್ನು ಮೂರು ನಾಲ್ಕು ವ್ಯಂಜನ ಗುಂಪಾಗಿ ಬಂದ್ರೆ ಹೆದರೋದು ಬೇಡ, ಕೊನೇಲಿ ಆ ಹನ್ನೆರಡು ಜೋಡಿಲಿ ಯಾವುದಾದ್ರೂ ಇದ್ಯಾ ನೋಡಿ, ಇದ್ರೆ ಅದು ಮುಂದಕ್ಕೆ, ಉಳಿದಿದ್ದು ಹಿಂದಕ್ಕೆ. ಹಾಗೇ ಸ್ಪೆಲಿಂಗಲ್ಲಿ ಎರಡು ಅಕ್ಷರ ಇದ್ರೂ ಸದ್ದು ಒಂದೇ ಆಗಿರೋವು ಇವೆ, ಚ, ಯ ಥರ ಕೇಳೋ ಎರಡು ಎಲ್, ಗಟ್ಟಿ ರ್ರ. ಇವನ್ನ ಒಡೀಬಾರದು. [ಪೆ]-ರ್ರೊ ಅಂದ್ರೆ ನಾಯಿ, [ಪೆ]-ರೊ ಅಂದ್ರೆ 'ಆದ್ರೆ'. ಕನ್ನಡದಲ್ಲಿ ಬರೆದಾಗ ರ್ರ ದ್ವಿತ್ವದ ಥರ ಕಾಣುತ್ತೆ, ಹಂಗಂತ ಪೆರ್-ರೊ ಅನ್ನಬೇಡಿ, ನಾಲಿಗೆ ನಡುಗೋದೆಲ್ಲ ಎರಡನೇ ತುಂಡಿಗೇ ಸೇರಿದ್ದು.

ಅಸಲಿ ಮಜಾ ಇರೋದು ಸ್ವರಗಳಲ್ಲಿ. ಎರಡು ಸ್ವರ ಅಕ್ಕಪಕ್ಕ ಬಂದಾಗ ಅವು ಒಂದೇ ತುಂಡೋ ಎರಡು ತುಂಡೋ? ಎಲ್ಲಾ ಪಠ್ಯಪುಸ್ತಕದಲ್ಲೂ ಹೇಳೋದು ಅ ಎ ಒ ಗಟ್ಟಿ ಸ್ವರ, ಇ ಉ ಮೆತ್ತನೆ ಸ್ವರ ಅಂತ. ನಾನು ಇದನ್ನ ಸಂಧಿಯಲ್ಲಿ ಹೇಳ್ತೀನಿ, ನಮ್ಮೋರಿಗೆ ಬೇಗ ಹತ್ತುತ್ತೆ.

ಯಣ್ ಸಂಧಿ ನೆನಪಿದ್ಯಾ? ಅತಿ + ಅಂತ = ಅತ್ಯಂತ, ಮನು + ಅಂತರ = ಮನ್ವಂತರ. ಇ ಅಥವಾ ಉ ಮುಂದೆ ಬೇರೆ ಸ್ವರ ಬಂದ್ರೆ ಇ ಹೋಗಿ ಯ್, ಉ ಹೋಗಿ ವ್. ಎರಡು ತುಂಡಾಗಬೇಕಿದ್ದು ಒಂದಾಗುತ್ತೆ. ಸ್ಪ್ಯಾನಿಷ್‌ನಲ್ಲಿ ಇ, ಉ ಗಟ್ಟಿ ಸ್ವರದ ಪಕ್ಕ ಬಂದಾಗ ಆಗೋದು ಇದೇ. ಸ್ಪೆಲಿಂಗಲ್ಲಿ 'ತಿಎರ್ರ' ಅಂತಿರುತ್ತೆ, ಹೇಳೋದು [ತ್ಯೆ]-ರ್ರ, ಅಂದ್ರೆ ಭೂಮಿ. 'ಬುಎನೊ' ಅಂತಿರುತ್ತೆ, ಹೇಳೋದು [ಬ್ವೆ]-ನೊ, ಒಳ್ಳೇದು. ಇ, ಉ ಹಿಂದೆ ಬರದೆ ಗಟ್ಟಿ ಸ್ವರದ ಮುಂದೆ ಬಂದ್ರೆ ನಮ್ಮ ಐ, ಔ ಥರ ಆಗುತ್ತೆ, [ಬೈ]-ಲೆ ಅಂದ್ರೆ ಕುಣಿತ, [ಕೌ]-ಸ ಅಂದ್ರೆ ಕಾರಣ. ಇ ಉ ಎರಡೇ ಸೇರಿದ್ರೂ ಒಂದೇ ತುಂಡು, ಸ್ಯು-[ದದ್] ಅಂದ್ರೆ ನಗರ.

ಗಟ್ಟಿ ಸ್ವರ ಎರಡು ಎದುರು ಬದುರಾದ್ರೆ ಮಾತ್ರ ಯಾರೂ ಸೋಲಲ್ಲ, ಎರಡು ತುಂಡು. ತೆ-[ಅ]-ತ್ರೊ, ಪೊ-[ಎ]-ತ, ಲೆ-[ಒನ್]. ನಾವು ಇಲ್ಲಿ ನಮಗೇ ಗೊತ್ತಿಲ್ದಂಗೆ ಮಧ್ಯೆ ಯ, ವ ತಂದುಬಿಡ್ತೀವಿ, ತೆಯಾತ್ರೊ, ಪೊವೆತ ಅಂತ. ನಮ್ಮ ಆಗಮ ಸಂಧಿ ಅದು, ಮರಿಯನ್ನು, ಗುರುವನ್ನು ಅಂತ ಹೇಳಿ ಹೇಳಿ ರಕ್ತಕ್ಕೇ ಸೇರಿದೆ. ಸ್ಪ್ಯಾನಿಷ್ ಕಿವಿಗೆ ಆ ಯ ಬೇಡ, ಸ್ವರದಿಂದ ಸ್ವರಕ್ಕೆ ಬರಿಗಾಲಲ್ಲಿ ನಡೀಬೇಕು. ಅ-[ಎ]-ರೆ-ಒ ಅಂತ ಒಂದು ಪದ ಇದೆ, 'ಗಾಳಿಗೆ, ವಿಮಾನಕ್ಕೆ ಸಂಬಂಧಪಟ್ಟ' ಅಂತ ಅರ್ಥ, ನಾಲ್ಕು ತುಂಡಲ್ಲಿ ವ್ಯಂಜನ ಇರೋದು ಒಂದೇ. ದಿನಾ ಹತ್ತು ಸಲ ಹೇಳಿದ್ರೆ ಬಾಯಿ ಪಳಗುತ್ತೆ.

ಈಗ ಆ ಓರೆ ಗೆರೆಗೆ ಬನ್ನಿ, ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ತಿಲ್ದೆ' ಅಂತಾರೆ. ಮೆತ್ತನೆ ಸ್ವರದ ಮೇಲೆ ತಿಲ್ದೆ ಬಂತು ಅಂದ್ರೆ ಯಣ್ ಸಂಧಿ ಆಗಬೇಡ ಅಂತ ಅಪ್ಪಣೆ. ಇ ತನ್ನ ಸ್ವಂತ ಕಾಲ ಮೇಲೆ ನಿಲ್ಲುತ್ತೆ, ಒತ್ತೂ ಅದರ ಮೇಲೇ. ಹಾಗಾಗಿ ಮಾರಿಯೊ ಅನ್ನೋ ಹುಡುಗನ ಹೆಸ್ರು ಎರಡೇ ತುಂಡು, [ಮ]-ರ್ಯೊ. ಮರಿಯ ಅನ್ನೋ ಹುಡುಗಿ ಹೆಸ್ರು ಮೂರು, ಮ-[ರಿ]-ಅ, ಅಲ್ಲಿ ಇ ಮೇಲೆ ತಿಲ್ದೆ ಇದೆ. ನನ್ನ ನೋಟ್‌ಬುಕ್ಕಿನ ಸಬಿಯಾದೂ ಇದೇ ಕಥೆ. [ಅ]-ಸ್ಯ ಅಂದ್ರೆ 'ಕಡೆಗೆ', ಅ-[ಸಿ]-ಅ ಅಂದ್ರೆ 'ಮಾಡ್ತಿದ್ದೆ, ಮಾಡ್ತಿದ್ದ'. ಊರುಗಳಲ್ಲೂ ನೋಡಿ, ಕೊಲಂಬಿಯ ಅಂದ್ರೆ ಕೊ-[ಲೊಮ್]-ಬ್ಯ, ಮೂರು ತುಂಡು. ದಕ್ಷಿಣ ಸ್ಪೇನಿನ ಆಂಡಲೂಸಿಯ ಅಂದ್ರೆ ಅನ್-ದ-ಲು-[ಸಿ]-ಅ, ಐದು ತುಂಡು, ಇ ಮೇಲೆ ತಿಲ್ದೆ. ನಾವು ಕನ್ನಡದಲ್ಲಿ ಎರಡನ್ನೂ 'ಇಯ' ಅಂತಾನೇ ಮುಗಿಸ್ತೀವಿ.

ತಿಲ್ದೆ ಗಟ್ಟಿ ಸ್ವರದ ಮೇಲಿದ್ರೆ ಏನೂ ಒಡೆಯಲ್ಲ, ಒತ್ತು ಆ ತುಂಡಿನ ಮೇಲೆ ಅಂತ ಹೇಳುತ್ತೆ ಅಷ್ಟೇ. ಎಲ್ಲರಿಗೂ ಗೊತ್ತಿರೋ 'ಅಡಿಯೋಸ್' ಇದೆಯಲ್ಲ, ಅದು ಎರಡೇ ತುಂಡು, ಅ-[ದ್ಯೊಸ್]. ಮೂರು ಮಾಡಿ ಹೇಳೋದು ನಮ್ಮಲ್ಲಿ ಬಹಳ ಸಾಮಾನ್ಯ, ಅದೊಂದು ಸರಿ ಮಾಡ್ಕೊಂಡ್ರೆ ಮಾತು ಕೇಳೋಕೆ ತಕ್ಷಣ ಬೇರೆ ಥರ ಆಗುತ್ತೆ.

ಸ್ಪೆಲಿಂಗ್ ನೋಡಿ ಸ್ವರ ಎಣಿಸೋವಾಗ ಎರಡು ಕಡೆ ಜೋಪಾನ. ಎಚ್ ಅಕ್ಷರಕ್ಕೆ ಸದ್ದಿಲ್ಲ, ಮಧ್ಯೆ ಬಂದ್ರೂ ಇಲ್ಲ ಅನ್ಕೊಂಡೇ ಒಡೀಬೇಕು. ಕೆ, ಕಿ, ಗೆ, ಗಿ ಬರೆಯೋಕೆ ನಡುವೆ ಒಂದು ಯು ಅಕ್ಷರ ಹಾಕ್ತಾರೆ, ಅದನ್ನ ಸ್ವರ ಅಂತ ಎಣಿಸಬಾರದು.

ಒಡೆದಾಯ್ತು, ಈಗ ಒತ್ತು. ಗೆರೆ ಇದ್ರೆ ಯೋಚನೆನೇ ಇಲ್ಲ, ಎಲ್ಲಿ ತಿಲ್ದೆ ಅಲ್ಲಿ ಒತ್ತು. ಇಲ್ಲಾಂದ್ರೆ ಪದದ ಕೊನೇ ಅಕ್ಷರ ನೋಡಿ. ಸ್ವರ, ಎನ್ ಅಥವಾ ಎಸ್ ಆಗಿದ್ರೆ ಕೊನೆಯಿಂದ ಎರಡನೇ ತುಂಡಿಗೆ ಒತ್ತು, ಬೇರೆ ಯಾವ ವ್ಯಂಜನ ಆಗಿದ್ರೂ ಕೊನೇ ತುಂಡಿಗೆ. ಇಷ್ಟೇ ನಿಯಮ. ಚಿಲಿ ದೇಶ [ಚಿ]-ಲೆ, ಅರ್ಜೆಂಟೀನ ಅರ್-ಹೆನ್-[ತಿ]-ನ. ಮ್ಯಾಡ್ರಿಡ್ ಡಿ ಅಕ್ಷರದಲ್ಲಿ ಮುಗಿಯುತ್ತೆ, ಹಾಗಾಗಿ ಮ-[ದ್ರಿದ್]. ಈಕ್ವೆಡಾರ್ ಎ-ಕ್ವ-[ದೊರ್]. ಉರುಗ್ವೆ ಸ್ಪೆಲಿಂಗ್ ವೈ ಅಕ್ಷರದಲ್ಲಿ ಮುಗಿಯುತ್ತೆ, ಸದ್ದು ಸ್ವರದ್ದೇ ಆದ್ರೂ ಈ ಲೆಕ್ಕದಲ್ಲಿ ವೈ ವ್ಯಂಜನ, ಅದಕ್ಕೇ ಉ-ರು-[ಗ್ವೈ]. ಮರಿಯ ಥರ ಸ್ವರ ಒಡೆಯೋಕಲ್ಲದೆ, ನಿಯಮ ಮೀರಿ ಒತ್ತು ಬೇರೆ ಕಡೆ ಬೀಳೋ ಪದಕ್ಕೂ ತಿಲ್ದೆ ಹಾಕ್ತಾರೆ, ಪೆ-[ರು], ಬೊ-ಗೊ-[ತ], ಪ-ನ-[ಮ] ಮೂರೂ ಸ್ವರದಲ್ಲಿ ಮುಗಿದ್ರೂ ಕೊನೇಲಿ ಒತ್ತು, ಹಾಗಾಗಿ ಮೂರಕ್ಕೂ ತಿಲ್ದೆ ಬೇಕು.

ಎನ್, ಎಸ್ ಯಾಕೆ ಸ್ವರದ ಪಂಕ್ತಿಲಿ ಕೂತವು ಅಂತ ನಂಗೆ ಬಹಳ ದಿನ ಪ್ರಶ್ನೆ ಇತ್ತು. ಪದಗಳ ಬಾಲ ನೋಡಿದ್ರೆ ತಿಳಿಯುತ್ತೆ. ಸ್ಪ್ಯಾನಿಷ್‌ನಲ್ಲಿ ಬಹುವಚನದ ಪ್ರತ್ಯಯ ಎಸ್, ಕ್ರಿಯಾಪದದಲ್ಲಿ 'ಅವರು' ಅನ್ನೋಕೆ ಬರೋದು ಎನ್. ಮನೆ [ಕ]-ಸ, ಮನೆಗಳು [ಕ]-ಸಸ್. ಹಾಡ್ತಾಳೆ [ಕನ್]-ತ, ಹಾಡ್ತಾರೆ [ಕನ್]-ತನ್. ಪ್ರತ್ಯಯ ಸೇರಿದ್ರೂ ಒತ್ತು ಕದಲಲ್ಲ, ಗೆರೆ ಹಾಕೋ ಖರ್ಚೂ ಇಲ್ಲ. ದಿನಾ ಬರೋ ಸಾವಿರಾರು ಪದ ಗೆರೆ ಇಲ್ಲದೆ ಬರೆಯೋ ಹಾಗೆ ಮಾಡಿರೋ ಏರ್ಪಾಡು ಇದು.

ಒಂದು ದೊಡ್ಡ ಪದ ಪೂರ್ತಿ ಬಿಚ್ಚಿ ನೋಡೋಣ, 'ಕಟ್ಟಡ ಕಟ್ಟೋದು' ಅನ್ನೋ ಅರ್ಥದ ಕೊನ್ಸ್ತ್ರುಕ್ಸ್ಯೊನ್. ಮೊದಲು ಸ್ವರ ಹುಡುಕಿ, ಒ, ಉ, ಆಮೇಲೆ ಇ-ಒ ಜೋಡಿ. ಇ ಒ ಸೇರಿ ಯಣ್ ಸಂಧಿ, ಯೊ, ಹಾಗಾಗಿ ಮೂರು ತುಂಡು. ಒ ಮತ್ತು ಉ ಮಧ್ಯೆ ನ್ ಸ್ ತ್ ರ್ ಅಂತ ನಾಲ್ಕು ವ್ಯಂಜನ, ಅದ್ರಲ್ಲಿ ತ್ರ ಹನ್ನೆರಡರಲ್ಲಿ ಒಂದು, ಅದು ಮುಂದಕ್ಕೆ, ನ್ ಸ್ ಹಿಂದಕ್ಕೆ. ಉ ಮತ್ತು ಯೊ ಮಧ್ಯೆ ಕ್ ಸ್, ಎರಡು ಸಿ ಅಕ್ಷರ, ಒಂದೊಂದು ಕಡೆ. ಕೊನ್ಸ್-ತ್ರುಕ್-ಸ್ಯೊನ್. ಕೊನೇ ಅಕ್ಷರ ಎನ್, ನಿಯಮದ ಪ್ರಕಾರ ತ್ರುಕ್ ಮೇಲೆ ಒತ್ತು ಬೀಳಬೇಕು, ಆದ್ರೆ ಜನ ಹೇಳೋದು ಕೊನೇ ತುಂಡನ್ನ ಒತ್ತಿ, ಅದಕ್ಕೆ ಒ ಮೇಲೆ ತಿಲ್ದೆ. ಕೊನ್ಸ್-ತ್ರುಕ್-[ಸ್ಯೊನ್]. ಈಗ ಬಹುವಚನ ಮಾಡಿ, ಕೊನ್ಸ್-ತ್ರುಕ್-[ಸ್ಯೊ]-ನೆಸ್. ಕೊನೆಗೆ ಒಂದು ತುಂಡು ಜಾಸ್ತಿ ಆಯ್ತು, ಒತ್ತು ಇದ್ದಲ್ಲೇ ಇದೆ, ಆದ್ರೆ ಈಗ ಅದು ಕೊನೆಯಿಂದ ಎರಡನೇದು, ನಿಯಮಕ್ಕೆ ಸರಿ ಹೋಯ್ತು, ತಿಲ್ದೆ ಬಿಟ್ಟು ಹೋಯ್ತು. ಯುವಕ ಅನ್ನೋ ಪದಕ್ಕೆ ಇದರ ಉಲ್ಟಾ. [ಹೊ]-ವೆನ್, ಎನ್ ಕೊನೆ, ಗೆರೆ ಬೇಡ. ಯುವಕರು [ಹೊ]-ವೆ-ನೆಸ್, ಒತ್ತು ಕೊನೆಯಿಂದ ಮೂರನೇದಾಯ್ತು, ಗೆರೆ ಬಂತು. ತಿಲ್ದೆ ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಅಂತ ಬಾಯಿಪಾಠ ಮಾಡೋರು ಸೋಲೋದು ಇಲ್ಲೇ, ಎಣಿಸೋರಿಗೆ ತಾನಾಗೇ ಗೊತ್ತಾಗುತ್ತೆ.

ಅವರಲ್ಲಿ ಪದಗಳಿಗೆ ಇದರ ಮೇಲೆ ಹೆಸ್ರೂ ಇದೆ. ಕೊನೇಲಿ ಒತ್ತು ಇದ್ರೆ ಅಗುದ, ಕೊನೆಯಿಂದ ಎರಡನೇದಾದ್ರೆ ಯಾನ, ಮೂರನೇದಾದ್ರೆ ಎಸ್ದ್ರುಹುಲ. ಈ ಮೂರನೇ ಜಾತಿಗೆ ಯಾವತ್ತೂ ತಿಲ್ದೆ ಕಡ್ಡಾಯ, ಮೆಕ್ಸಿಕೊ [ಮೆ]-ಹಿ-ಕೊ, ಕೊರ್ದೊಬ [ಕೊರ್]-ದೊ-ಬ, ಎಸ್-[ದ್ರು]-ಹು-ಲ ಅನ್ನೋ ಹೆಸರೂ ಅದೇ ಜಾತಿ. ಇನ್ನೂ ಹಿಂದೆ ಹೋಗೋದು ಪ್ರತ್ಯಯ ಸೇರಿದಾಗ. ಕ್ರಿಯಾಪದಕ್ಕೆ 'ನಂಗೆ', 'ಅದನ್ನ' ಅನ್ನೋವು ಬಾಲದ ಥರ ಅಂಟಿಕೊಂಡು ದೆ-[ಬ್ವೆಲ್]-ಬೆ-ಮೆ-ಲೊ ಆಗುತ್ತೆ, 'ಅದನ್ನ ನಂಗೆ ವಾಪಸ್ ಕೊಡು'.

ಟೆನಿಸ್ ಆಟ ನೋಡೋರಿಗೆ ಆಟಗಾರರ ಹೆಸರುಗಳಲ್ಲಿ ಇದು ಚೆನ್ನಾಗಿ ಸಿಗುತ್ತೆ. ನಡಾಲ್ ಹೆಸ್ರು ಎಲ್‌ನಲ್ಲಿ ಮುಗಿಯುತ್ತೆ, ನ-[ದಲ್]. ಅಲ್ಕರಾಜ್ ಜೆಡ್‌ನಲ್ಲಿ, ಅಲ್-ಕ-[ರಸ್], ಸ್ಪೇನಿನ ಬಹುಪಾಲು ಜನ ಆ ಕೊನೇ ಸ್‌ನ ನಾಲಿಗೆ ತುದಿ ಹಲ್ಲಿಗೆ ತಾಗಿಸಿ ಹೇಳ್ತಾರೆ. ನಮ್ಮ ಪೇಪರ್‌ಗಳಲ್ಲಿ ಎರಡಕ್ಕೂ ಕೊನೇ ಅಕ್ಷರಕ್ಕೆ ದೀರ್ಘ ಕೊಟ್ಟು ಬರೀತಾರೆ, ಒತ್ತು ಇರೋ ಜಾಗದಲ್ಲೇ ದೀರ್ಘ ಬಿದ್ದಿದೆ ಗಮನಿಸಿ. ಆದ್ರೆ ಜೆಡ್‌ನಲ್ಲಿ ಮುಗಿಯೋ ಹೆಚ್ಚಿನ ಮನೆತನದ ಹೆಸರುಗಳಲ್ಲಿ ಒತ್ತು ಹಿಂದೆ ಇರುತ್ತೆ, [ಮರ್]-ಕೆಸ್, [ಗೊ]-ಮೆಸ್, ಫೆರ್-[ನನ್]-ದೆಸ್, ಇವೆಲ್ಲಕ್ಕೂ ಸ್ಪ್ಯಾನಿಷ್‌ನಲ್ಲಿ ತಿಲ್ದೆ ಹಾಕೇ ಬರಿಯೋದು. ಇಂಗ್ಲಿಷ್‌ನಲ್ಲಿ ಬರೆಯೋವಾಗ ಆ ಗೆರೆ ಬಿಟ್ಟುಬಿಡ್ತಾರೆ, ಅದನ್ನ ಓದಿದ ನಮಗೆ ಒತ್ತಿನ ಸುಳಿವೇ ಸಿಗಲ್ಲ.

ಒಂದೇ ತುಂಡಿನ ಪದಕ್ಕೆ ತಿಲ್ದೆ ಇಲ್ಲ, ಒಂದೇ ಥರ ಕಾಣೋ ಎರಡು ಪದ ಬೇರೆ ಮಾಡೋಕೆ ಮಾತ್ರ ಕೆಲವಕ್ಕೆ ಇದೆ. 'ತು' ಗೆರೆ ಇದ್ರೆ 'ನೀನು', ಇಲ್ದಿದ್ರೆ 'ನಿನ್ನ'. ಪ್ರಶ್ನೆ ಕೇಳೋ ಪದಗಳಿಗೂ ಇದೆ. ಇವು ಕೆಲವೇ, ನೋಡ್ತಾ ನೋಡ್ತಾ ಬರುತ್ತೆ.

ನಿಯಮಕ್ಕೂ ಬಾಯಿಗೂ ಜಗಳ ಆಗಿರೋ ಒಂದು ಪದ ಹೇಳಲೇಬೇಕು, ಪದ ಒಡೆಯೋಕೆ ಹಾಕೋ ಅಡ್ಡಗೆರೆಯ ಹೆಸರೇ ಅದು, ಗಿಯೊನ್. ಸ್ಪೇನಲ್ಲಿ ಬಹಳ ಜನ ಗಿ-[ಒನ್] ಅಂತ ಎರಡು ತುಂಡಾಗಿ ಹೇಳ್ತಾರೆ, ಬೇರೆ ಬಹಳ ಕಡೆ ಗ್ಯೊನ್ ಅಂತ ಒಂದೇ. ರಾಯಲ್ ಸ್ಪ್ಯಾನಿಷ್ ಅಕಾಡೆಮಿ 1713ರಲ್ಲಿ ಶುರುವಾಗಿದ್ದು, 1741ರಲ್ಲಿ ಮೊದಲ ಸ್ಪೆಲಿಂಗ್ ಪುಸ್ತಕ ತಂದಿದ್ದು. 2010ರ ಆವೃತ್ತಿಯಲ್ಲಿ ಇಂಥಾ ಪದ ಬರವಣಿಗೆ ಮಟ್ಟಿಗೆ ಒಂದೇ ತುಂಡು, ತಿಲ್ದೆ ಬೇಡ ಅಂತ ತೀರ್ಮಾನ ಮಾಡಿದ್ರು, ಅದಕ್ಕೆ ಮುಂಚೆ ಗೆರೆ ಹಾಕಿ ಬರೆಯೋ ಅವಕಾಶ ಇತ್ತು. ನೀವು ಹೇಗೆ ಬೇಕಾದ್ರೂ ಹೇಳಿ, ಬರೆಯೋದು ಒಂದೇ ಥರ ಇರಲಿ ಅಂತ. ಇಪ್ಪತ್ತು ದೇಶದ ಅಧಿಕೃತ ಭಾಷೆಗೆ ಅಂಥಾ ಒಪ್ಪಂದ ಬೇಕಾಗುತ್ತೆ ಅಂತ ನನ್ನ ಅನಿಸಿಕೆ.

ಕೊನೇದಾಗಿ ಪದ ದಾಟಿ ವಾಕ್ಯಕ್ಕೆ ಹೋದಾಗ. 'ಮಿ' ಅಂದ್ರೆ ನನ್ನ, 'ಅ-[ಮಿ]-ಗೊ' ಅಂದ್ರೆ ಗೆಳೆಯ. ಎರಡೂ ಸೇರಿಸಿ ಮಾತಾಡೋವಾಗ ಕೇಳಿಸೋದು ಮ್ಯ-[ಮಿ]-ಗೊ, ಎರಡು ಪದದ ನಡುವೆ ಮತ್ತೆ ಅದೇ ಯಣ್ ಸಂಧಿ. ಅವರ ಪದ್ಯದಲ್ಲಿ ಸಾಲಿಗೆ ಎಂಟು ಸಿಲಬಲ್ ಅಂತ ಎಣಿಸೋವಾಗಲೂ ಇದನ್ನ ಒಂದೇ ಅಂತ ಲೆಕ್ಕ ಹಿಡೀತಾರೆ. ಗೆಳೆಯರು ಅನ್ನೋಕೆ 'ಲೊಸ್ ಅಮಿಗೊಸ್', ಬಾಯಲ್ಲಿ ಲೊ-ಸ-[ಮಿ]-ಗೊಸ್, ಮೊದಲ ಪದದ ಸ್ ಎರಡನೇ ಪದದ ಅ ಮಡಿಲಿಗೆ ಹೋಗಿ ಕೂತ್ಕೊಳ್ಳುತ್ತೆ. ಸ್ಪ್ಯಾನಿಷ್ ನ್ಯೂಸ್ ಕೇಳೋವಾಗ 'ಇಷ್ಟು ಸ್ಪೀಡಾಗಿ ಮಾತಾಡ್ತಾರೆ, ಪದ ಎಲ್ಲಿ ಮುಗೀತು ಗೊತ್ತಾಗಲ್ಲ' ಅನ್ಸೋದು ಇದರಿಂದ್ಲೇ. ಅದನ್ನ ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದವಾಗಿ ನೋಡೋದಕ್ಕಿಂತ ಕನ್ನಡದಲ್ಲಿ 'ಲೊಸಮಿಗೊಸ್' ಅಂತ ಒಂದೇ ಉಸಿರಲ್ಲಿ ಬರ್ಕೊಂಡು, ಮಿ ಸುತ್ತ ಒಂದು ಪೆನ್ಸಿಲ್ ಸುತ್ತು ಹಾಕಿ ಓದಿ. ನನ್ನ ನೋಟ್‌ಬುಕ್ಕಲ್ಲಿ ಈಗ ಎಲ್ಲಾ ವಾಕ್ಯಕ್ಕೂ ಹಾಗೇ ಮಾಡ್ತೀನಿ, ಸಬಿಯಾ ಇದ್ದ ಆ ಪುಟದಲ್ಲೂ ಒಂದರಲ್ಲಿ ಸ ಸುತ್ತ, ಇನ್ನೊಂದರಲ್ಲಿ ಬಿ ಸುತ್ತ ಸುತ್ತು ಹಾಕಿದೀನಿ.